ಕಣಿವೆಯಲ್ಲಿ ನಿಂತ ಕುದುರೆ ಗಾಡಿ

ಹೋದ ತಿಂಗಳು ಮಂಡ್ಯದ ಪೇಟೆ ಬೀದಿಯಲ್ಲಿ ಕೈಚೀಲದ ಪಟ್ಟಿ ಹೊಲಿಸಲು ನಿಂತಿದ್ದೆ. ಹೊಲಿಯುವವರ ಪಕ್ಕದಲ್ಲಿ ಯಾರದೋ ಹಳೆಯ ಚರ್ಮದ ಚೀಲವೊಂದಕ್ಕೆ ಎಣ್ಣೆ ಸವರಿ ಬಿಸಿಲಿಗೆ ಇಟ್ಟಿದ್ದರು. ಬಿಸಿಲು ಏರಿದಂತೆ ಅದರ ವಾಸನೆಯೂ ಏರಿತು. ಹಳೇ ಚರ್ಮ, ಎಣ್ಣೆ, ಒಳಗೆಲ್ಲೋ ಉಳಿದುಕೊಂಡ ಚಿಲ್ಲರೆ ಕಾಸಿನ ಕಿಲುಬು... ಇಷ್ಟು ವರ್ಷಗಳ ಮೇಲೂ ಮೂಗು ಮರೆತಿರಲಿಲ್ಲ. ಕಂಡಕ್ಟರಣ್ಣ ಟಿಕೆಟ್ ಕೇಳುತ್ತ ಸೀಟಿನ ಹತ್ತಿರ ಬಂದಾಗ ಅವರಿಗಿಂತ ಮೊದಲು ಬರುತ್ತಿದ್ದುದು ಅವರ ಚೀಲದ ಈ ವಾಸನೆ.

ಅವರ ಹೆಸರು ನಮಗೆ ಯಾರಿಗೂ ಬೇಕಾಗಿರಲಿಲ್ಲ. ಮದ್ದೂರಿನಿಂದ ಹೊರಟು ದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು ಅವರು. ದೊಡ್ಡಿ ಅಂದರೆ ಭಾರತೀನಗರ. ಬೋರ್ಡಿನಲ್ಲಿ ಏನೇ ಬರೆದಿರಲಿ, ಬಾಯಲ್ಲಿ ಅದು ದೊಡ್ಡಿಯೇ. ನಾನು ಅಲ್ಲಿನ ಕಾಲೇಜಿಗೆ ಪಿಯುಸಿಗೆ ಸೇರಿದ್ದೆ. ನಮ್ಮೂರು ಅದೇ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ. ಅಪ್ಪ ಗಾರೆ ಕೆಲಸ ಮಾಡುತ್ತಿದ್ದರು, ಅವ್ವ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಳು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನನ್ನ ಪುಸ್ತಕಗಳ ಗೂಡು. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಬಸ್ಸು ಹತ್ತಿ ಕಾಲೇಜಿಗೆ ಹೋದವಳು ನಾನೇ ಮೊದಲು. ಬೆಳಗ್ಗೆ ಊರಬಾಗಿಲಲ್ಲಿ ಬಸ್ಸಿಗೆ ಕಾಯುವಾಗ ಎಷ್ಟೋ ಕಣ್ಣುಗಳು ನನ್ನ ಮೇಲಿರುತ್ತಿದ್ದವು. ಅವುಗಳಲ್ಲಿ ಹೆಮ್ಮೆಯವು ಕೆಲವೇ.

ಕಂಡಕ್ಟರಣ್ಣ ಎತ್ತರದ ಆಳು, ಒಣಗಿದ ಮೈ. ಬಸ್ಸು ಎಷ್ಟೇ ತೂಗಾಡಲಿ, ಕಂಬಿ ಹಿಡಿಯುತ್ತಿರಲಿಲ್ಲ. ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈ ಬಿಟ್ಟು ಟಿಕೆಟ್ ಹರಿಯುತ್ತ ನಡೆಯುತ್ತಿದ್ದರು. ಕುದುರೆಯ ಮೇಲೆ ಕೂತವರು ಹಾಗೆ ಕಾಣುತ್ತಾರೆ ಎಂದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಕತೆ ಶುರುವಾಗಿದ್ದು ಕಬ್ಬು ಅರೆಯುವ ಕಾಲದ ಒಂದು ಸಂಜೆ. ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿ, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ದಾರಿ ಕಟ್ಟಿಕೊಂಡಿತ್ತು. ನಮ್ಮ ಬಸ್ಸು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಸಿಕ್ಕಿಕೊಂಡಿತು. ಸೆಕೆ. ಯಾವುದೋ ಕೂಸು ಒಂದೇ ಸಮ ಅಳುತ್ತಿತ್ತು. ಬೈಗುಳ ಶುರುವಾಗುವುದರೊಳಗೆ ಕಂಡಕ್ಟರಣ್ಣ ಇಂಜಿನ್ನಿನ ಪಕ್ಕದ ಮುಚ್ಚಳದ ಮೇಲೆ ಹಿಂದಕ್ಕೆ ಮುಖಮಾಡಿ ಕೂತರು.

"ನಿಂತಿರೋ ಗಾಡಿ ಕತೆ ಒಂದದೆ, ಯೋಳ್ಲಾ?" ಅಂದರು. "ಇಂಗ್ಲೀಸ್ ಸಿನ್ಮಾ. ಮಂಡ್ಯದ ಟಾಕೀಸ್ನಲ್ಲಿ ನೋಡಿದ್ದು. ಒಂದ್ ಮಾತೂ ಅರ್ಥ ಆಗ್ನಿಲ್ಲ. ಆದ್ರೆ ಮುಖ ಅರ್ಥ ಆಗ್ತದಲ್ಲ, ಅದೇನ್ ಇಂಗ್ಲೀಸಾ?"

ಹೀಗೆ ಶುರುವಾಯಿತು. ಮರವಿಲ್ಲದ, ನೀರಿಲ್ಲದ ಬಯಲು. "ನಮ್ ಬಸರಾಳು ಕಡೆ ಬ್ಯಾಸ್ಗೇಲಿ ಕೆಂಪ್ಗೆ ಬಿದ್ಕಂಡಿರ್ತದಲ್ಲ, ಅಂಗೆ. ಆದ್ರೆ ಕಣ್ಣು ಓದಷ್ಟು ದೂರಕ್ಕೂ ಅಂಗೇಯ." ಆ ಬಯಲಿನಲ್ಲಿ ಒಬ್ಬ ಮನುಷ್ಯ ನಡೆದು ಬರುತ್ತಾನೆ. ಹೆಗಲ ಮೇಲೆ ಕುದುರೆಯ ಜೀನು. ಕುದುರೆ ಇಲ್ಲ, ದಾರಿಯಲ್ಲಿ ಸತ್ತಿದೆ. ಅವನಿಗೆ ಹೆಸರಿತ್ತೋ ಏನೋ, ಕಂಡಕ್ಟರಣ್ಣ ಅವನನ್ನು "ನಮ್ಮೋನು" ಅನ್ನುತ್ತಿದ್ದರು. ಅವನು ಸೇರಿದ ಊರಿಗೆ ಹೊರಗಿನ ಲೋಕದ ಸಂಪರ್ಕ ಅಂದರೆ ವಾರಕ್ಕೊಮ್ಮೆ ಬರುವ ನಾಲ್ಕು ಕುದುರೆಯ ಗಾಡಿ. ಟಪಾಲು, ಔಷಧಿ, ಬಿತ್ತನೆ ಬೀಜ, ನೆಂಟರು, ಎಲ್ಲ ಅದರಲ್ಲೇ ಬರಬೇಕು. ಸುತ್ತಲಿನ ಹುಲ್ಲುಗಾವಲೆಲ್ಲ ತನ್ನದೇ ಆಗಬೇಕೆಂಬ ದನದ ಸಾಹುಕಾರನೊಬ್ಬ ಆ ಗಾಡಿಯನ್ನು ನಿಲ್ಲಿಸಲು ಹೊರಟಿದ್ದಾನೆ. ಗಾಡಿ ನಿಂತರೆ ಬಡ ಒಕ್ಕಲುಗಳು ತಾವಾಗಿಯೇ ಊರು ಬಿಡುತ್ತವೆ. ಗಾಡಿ ಹೊಡೆಯುತ್ತಿದ್ದವರನ್ನೆಲ್ಲ ಹೆದರಿಸಿ ಓಡಿಸಿದ್ದಾನೆ. ಆಗ ಕುದುರೆ ಇಲ್ಲದ ನಮ್ಮೋನು ಹೇಳುತ್ತಾನೆ: ನಾನು ಹೊಡೆಯುತ್ತೇನೆ.

"ಯಾಕ್ ಒಪ್ಕಂಡ?" ಅಂತ ಸೊಪ್ಪಿನ ಬುಟ್ಟಿಯ ಅಜ್ಜಿ ಕೇಳಿದಳು. ಮದ್ದೂರಿನಲ್ಲಿ ಸೊಪ್ಪು ಕೊಂಡು ಮಳವಳ್ಳಿಯ ಬೀದಿಗಳಲ್ಲಿ ಮಾರುವವಳು ಅವಳು.

"ಅವ್ನಿಗೂ ಕುದ್ರೆ ಬೇಕಲ್ಲವ್ವ," ಅಂದರು ಕಂಡಕ್ಟರಣ್ಣ. ಬಸ್ಸೆಲ್ಲ ನಕ್ಕಿತು. ಅಳುತ್ತಿದ್ದ ಕೂಸು ಯಾವಾಗ ನಿಲ್ಲಿಸಿತ್ತೋ ಯಾರೂ ಗಮನಿಸಿರಲಿಲ್ಲ. ದಾರಿ ಬಿಟ್ಟಿತು, ಇಂಜಿನ್ನು ಗುಡುಗಿತು, ಅವರು ಸೀಟಿ ಊದಿ ಎದ್ದರು. ಮಿಕ್ಕಿದ್ದು ನಾಳೆಗೆ.

ಆಮೇಲೆ ದಿನವೂ ಕೇಳುವವರಿದ್ದರು. ಬೆಳಗ್ಗೆ ಟಿಕೆಟ್ ಹರಿದು ಮುಗಿದ ಮೇಲೆ ಒಂದಿಷ್ಟು, ಸಂಜೆ ಸ್ವಲ್ಪ ಹೆಚ್ಚು. ಕಾಲೇಜಿನ ಹುಡುಗರು ಮೊದಲು ಬರುವ ಬಸ್ಸು ಬಿಟ್ಟು ಇದಕ್ಕೇ ಕಾಯತೊಡಗಿದರು. ಕಾರ್ಖಾನೆಗೆ ಪಾಳಿಗೆ ಹೋಗುವವರು, ತಾಲ್ಲೂಕು ಕಚೇರಿಗೆ ಅಲೆಯುವವರು, ಸೊಪ್ಪಿನಜ್ಜಿ, ಯಾರೂ ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಅವರ ಕತೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಒಬ್ಬ ಹೆಂಗಸು. ದಾರಿಯ ನಡುವೆ ಗಾಡಿಯ ಕುದುರೆ ಬದಲಾಯಿಸುವ ಒಂಟಿ ಮನೆ. ಅದನ್ನು ನೋಡಿಕೊಳ್ಳುವ ವಿಧವೆ. ಕಂಡಕ್ಟರಣ್ಣ ಅವಳ ಬಗ್ಗೆ ಹೇಳುವಾಗ ದನಿಯೇ ಬೇರೆ. ಅವಳು ಕುದುರೆಯ ಗೊರಸು ಎತ್ತಿ ನೋಡುವುದು, ಕಡಿವಾಣ ಬಿಗಿಯುವುದು, ಹೆದರಿಸಲು ಬಂದ ಸಾಹುಕಾರನ ಆಳುಗಳಿಗೆ ನೀರು ಕೊಟ್ಟು "ಕುಡ್ದು ಓಯ್ತಾ ಇರಿ" ಅನ್ನುವುದು... "ಗಂಡಸ್ರು ಬಂದೂಕ ಇಡ್ಕಂಡು ನಡುಗ್ತಾವ್ರೆ, ಅವ್ಳು ಬರೀ ಕೈಲಿ ನಿಂತವ್ಳೆ ಕಣ್ರವ್ವ," ಅನ್ನುತ್ತಿದ್ದರು. ನಮ್ಮೋನೂ ಬಂದೂಕು ಮುಟ್ಟುವುದು ಅಪರೂಪ. ಸೊಂಟದಲ್ಲಿ ಇರುತ್ತದೆ, ಅಷ್ಟೇ. ಹುಡುಗರಿಗೆ ಇದರಿಂದ ನಿರಾಸೆಯಾಗುತ್ತಿತ್ತು. "ಯಾವಾಗಣ್ಣ ಹೊಡೀತಾನೆ?" ಅಂತ ಪೀಡಿಸುತ್ತಿದ್ದರು. ಅವರು ಚೀಲ ಸರಿಸಿಕೊಂಡು "ದೊಡ್ಡಿ ಇಳಿಯೋರು!" ಅಂದುಬಿಡುತ್ತಿದ್ದರು.

ಆ ಬಸ್ಸಿನಲ್ಲಿ ನನಗೆ ಇನ್ನೊಂದು ಕತೆಯೂ ನಡೆಯುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಅನುಕೂಲಸ್ಥರ ಮನೆಯವನು, ಬಸ್ಸಿನ ಮಾಲೀಕರಿಗೆ ತಂಗಿಯ ಮಗ. ಟಿಕೆಟ್ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ನನ್ನ ಜಡೆ ಎಳೆದ. ಆಮೇಲೆ ನಾನು ಇಳಿಯುವಾಗ ಬೇಕೆಂದೇ ದಾರಿಗೆ ಅಡ್ಡ ನಿಲ್ಲತೊಡಗಿದ. ಆಮೇಲೆ ನಮ್ಮ ಕೇರಿಯ ಹೆಸರು ಹಿಡಿದು ಮಾತು ಶುರುವಾಯಿತು. ಅವನ ಗೆಳೆಯರು ನಗುತ್ತಿದ್ದರು. ನಾನು ಮುಂದಿನ ಸೀಟುಗಳತ್ತ ಸರಿದೆ. ಅವನೂ ಮುಂದಕ್ಕೆ ಬಂದ. ಮನೆಯಲ್ಲಿ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಅಪ್ಪ ನನ್ನನ್ನು ಬೈಯುತ್ತಿರಲಿಲ್ಲ. ಸುಮ್ಮನೆ ಕಾಲೇಜು ಬಿಡಿಸುತ್ತಿದ್ದರು. ಜಗಳಕ್ಕೆ ಹೋಗುವ ಶಕ್ತಿ ನಮಗಿರಲಿಲ್ಲ, ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಮಾತ್ರ ಇತ್ತು. ಹಾಗಾಗಿ ಹಲ್ಲು ಕಚ್ಚಿಕೊಂಡು ಕತೆ ಕೇಳುತ್ತಿದ್ದೆ. ಕತೆ ನಡೆಯುವಷ್ಟು ಹೊತ್ತು ಅವನ ಗೆಳೆಯರೂ ಕಿವಿ ಅತ್ತ ಕೊಡುತ್ತಿದ್ದರು, ಅದು ನನಗೆ ಸಿಗುತ್ತಿದ್ದ ಬಿಡುವು.

ಒಂದು ಬೆಳಗ್ಗೆ ಕತೆ ಇನ್ನೂ ಶುರುವಾಗಿರಲಿಲ್ಲ. ಬಸ್ಸು ತುಂಬಿ ತುಳುಕುತ್ತಿತ್ತು. ನಾನು ನಿಂತಿದ್ದೆ. ಹಿಂದಿನಿಂದ ಕೈಯೊಂದು ನನ್ನ ದುಪಟ್ಟಾ ಎಳೆಯಿತು. ಪಿನ್ನು ಹಾಕಿದ್ದೆ, ಭುಜದ ಹತ್ತಿರ ಬಟ್ಟೆ ಹರಿದ ಸದ್ದು ಕೇಳಿಸಿತು. ನಾನು ಕೂಗಲಿಲ್ಲ. ಆದರೆ ಕಂಡಕ್ಟರಣ್ಣ ನೋಡಿದರು. ಅವರು ಎಷ್ಟು ದಿನಗಳಿಂದ ನೋಡುತ್ತಿದ್ದರೋ ನನಗೆ ತಿಳಿಯದು.

ಉದ್ದಕ್ಕೆ ಒಂದು ಸೀಟಿ ಊದಿದರು. ಬಸ್ಸು ನಿಂತಿತು. ಎರಡೂ ಕಡೆ ಎದೆಮಟ್ಟದ ಕಬ್ಬು, ಪಕ್ಕದಲ್ಲಿ ನಾಲೆ, ಯಾವ ಸ್ಟಾಪೂ ಅಲ್ಲದ ಜಾಗ.

"ಇಂಜಿನ್ ಆಫ್ ಮಾಡಣ್ಣ," ಅಂದರು ಡ್ರೈವರಿಗೆ. ಆಮೇಲೆ ಆ ಹುಡುಗನ ಹತ್ತಿರ ಹೋಗಿ, ದನಿ ಏರಿಸದೆ, "ಇಳೀಪ್ಪ," ಅಂದರು.

"ಯಾರ್ ಬಸ್ಸು ಅಂತ ಗ್ಯಾಪ್ಕ ಅದೇನ್ಲಾ? ನಮ್ಮಾವನ್ದು!"

"ಗ್ಯಾಪ್ಕ ಅದೆ. ಬಸ್ಸು ನಿಮ್ಮಾವನ್ದೇಯ. ಟಿಕೀಟು ಈ ಮಗೀದು."

ಅಷ್ಟೇ ಹೇಳಿ ಅವರೇ ಕೆಳಗಿಳಿದರು. ನಾಲೆಯ ಮೋರಿ ಕಟ್ಟೆಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಅವ್ನು ಇಳಿಯೋಗಂಟ ಸೀಟಿ ಊದಲ್ಲ," ಅಂತ ಡ್ರೈವರಿಗೆ ಕೂಗಿ ಹೇಳಿದರು. ಡ್ರೈವರು ಸ್ಟೀರಿಂಗಿನ ಮೇಲಿಂದ ಕೈ ತೆಗೆದು ಬೀಡಿ ಹಚ್ಚಿದ.

ಬಸ್ಸಿನೊಳಗಿನವರು ಮೊದಲು ಕಿಟಕಿಯಿಂದ ಕತ್ತು ಚಾಚಿ ನೋಡಿದರು. ಆಮೇಲೆ ಗೊಣಗಾಟ. ಒಬ್ಬರಿಗೆ ಮಳವಳ್ಳಿಯ ಕೋರ್ಟಿನಲ್ಲಿ ಹಾಜರಾಗಬೇಕು, ಒಬ್ಬರಿಗೆ ಪಾಳಿ ತಪ್ಪುತ್ತದೆ, ಒಬ್ಬ ಹೆಂಗಸಿನ ಮಡಿಲಲ್ಲಿ ಜ್ವರದ ಮಗು. ಹುಡುಗ ಸೀಟಿಗೆ ಒರಗಿ ಕಾಲು ಚಾಚಿ ಕೂತಿದ್ದ. ಇಳಿಯುವ ಲಕ್ಷಣ ಇರಲಿಲ್ಲ. ಆಗ ಹಿಂದಿನಿಂದ ಯಾರೋ ಹೇಳಿದರು: "ಅತ್ಲಾಗೆ ಆ ಹುಡ್ಗೀನೇ ಇಳ್ಸ್ಬುಡಿ, ಬಸ್ಸು ಓಗ್ಲಿ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರ ದನಿ ಅಂತ ತಿರುಗಿ ನೋಡಲಿಲ್ಲ. ಹೌದು, ಇಳಿದುಬಿಡೋಣ ಅನ್ನಿಸಿತು. ಇಳಿದು, ಕಬ್ಬಿನ ನಡುವೆ ನಡೆದು ಮನೆ ಸೇರಿ, ಪುಸ್ತಕಗಳನ್ನು ಗೂಡಿಗೆ ಸೇರಿಸಿ... ನಾನು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಬಾಗಿಲ ಪಕ್ಕ ಸೊಪ್ಪಿನಜ್ಜಿ ಕೂತಿದ್ದಳು. ತನ್ನ ಬುಟ್ಟಿಯನ್ನು ಕಾಲಿನಿಂದ ದೂಡಿ ದಾರಿಗೆ ಅಡ್ಡ ಇಟ್ಟಳು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ನೀ ಎಲ್ಲಿಗವ್ವ? ಕೂತ್ಕೊ," ಅಂದಳು. ಆಮೇಲೆ ಹಿಂದಕ್ಕೆ ಕತ್ತು ಚಾಚಿ ಆ ಹುಡುಗನಿಗೆ ಕೂಗಿದಳು:

"ಬ್ಯಾಗ ಇಳೀಪ್ಪ ನನ್ ಸಾಮಿ! ನನ್ ಸೊಪ್ಪು ಬಾಡೋಯ್ತದೆ. ಬಾಡಿದ್ ಸೊಪ್ಪ ನಿಮ್ಮಾವ ಕೊಂಡ್ಕತ್ತಾನಾ?"

ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ನಗು ಒಂದು ಸೀಟಿನಿಂದ ಇನ್ನೊಂದಕ್ಕೆ ಹಬ್ಬಿತು. ಕಾರ್ಖಾನೆಯ ನೀಲಿ ಅಂಗಿಯವರೊಬ್ಬರು ಎದ್ದು ನಿಂತು "ಇಳಿಲಾ, ಸಾಕು," ಅಂದರು. ಕೋರ್ಟಿಗೆ ಹೊರಟವರು "ಇಳಿಯಯ್ಯ, ಹೊತ್ತಾಯ್ತದೆ," ಅಂದರು. ಜ್ವರದ ಮಗುವಿನ ತಾಯಿ ಅವನನ್ನೇ ದಿಟ್ಟಿಸಿ ನೋಡಿದಳು. ಕೊನೆಗೆ ಅವನ ಗೆಳೆಯನೊಬ್ಬ, ಕತೆ ಕೇಳಲು ಯಾವಾಗಲೂ ಮುಂದೆ ಬಂದು ನಿಲ್ಲುತ್ತಿದ್ದವನು, "ಇಳ್ದ್‌ಬುಡ್ಲಾ," ಅಂದ, ಅವನ ಮುಖ ನೋಡದೆ. ಹುಡುಗ ಎದ್ದ. ಸೊಪ್ಪಿನ ಬುಟ್ಟಿ ದಾಟಿ ಇಳಿದು ರಸ್ತೆಯ ಅಂಚಿಗೆ ನಿಂತ. ಮುಖ ಕೆಂಪೇರಿತ್ತು.

ಕಂಡಕ್ಟರಣ್ಣ ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದರು. ಅವನನ್ನು ದಾಟುವಾಗ, "ಇಂದ್ಗಡೆ ಇನ್ನೊಂದ್ ಬಸ್ಸದೆ ಕಣಪ್ಪ, ಅದ್ರಲ್ಲಿ ಬಾ. ಬಿಸ್ಲಲ್ಲಿ ನಡೀಬ್ಯಾಡ," ಅಂದರು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಹತ್ತಿ ಸೀಟಿ ಊದಿದರು. ನನ್ನ ಹತ್ತಿರ ಬಂದು ಏನಾದರೂ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಇಂಜಿನ್ನಿನ ಮುಚ್ಚಳದ ಮೇಲೆ ಕೂತು, "ನೆನ್ನೆ ಎಲ್ಲಿಗಂಟ ಬಂದಿದ್ದೋ?" ಅಂತ ಬಸ್ಸನ್ನೇ ಕೇಳಿದರು.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಸಂಜೆ ಅಪ್ಪ ಜಗುಲಿಯಲ್ಲಿ ಕೂತಿದ್ದರು, ಕೈಕಾಲಿನ ಸಿಮೆಂಟು ತೊಳೆದಿರಲಿಲ್ಲ. ಅವ್ವ ಹರಿದ ಬಟ್ಟೆ ಹೊಲಿಯುತ್ತ ಕಣ್ಣೊರೆಸಿಕೊಂಡಳು. ಮುಗಿಯಿತು ಅಂದುಕೊಂಡೆ. ಮರುದಿನ ಬೆಳಗ್ಗೆ ನೋಡಿದರೆ ಅಪ್ಪ ಕೆಲಸಕ್ಕೆ ಹೋಗದೆ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದಾರೆ. "ನಡಿ, ನಾನೂ ಬತ್ತೀನಿ," ಅಂದರು.

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತರು. ಕಂಡಕ್ಟರಣ್ಣ ಟಿಕೆಟ್ ಕೊಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಹಿಂದಿನ ದಿನದ ಮಾತು ಯಾರೂ ಎತ್ತಲಿಲ್ಲ. ಕತೆ ಶುರುವಾಯಿತು. ಆವತ್ತಿನ ಭಾಗದಲ್ಲಿ ಸಾಹುಕಾರನ ಕಡೆಯವರು ದಾರಿಯಲ್ಲಿ ಚಕ್ರ ಕಳಚಿ ಬೀಳಲೆಂದು ಗಾಡಿಯ ಕಡಾಣಿ ಕಿತ್ತಿಡುತ್ತಾರೆ, ವಿಧವೆ ಅದನ್ನು ಕಂಡುಹಿಡಿಯುತ್ತಾಳೆ. ಅಪ್ಪ ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದರು. ದೊಡ್ಡಿ ಬಂದಾಗ ಇಳಿಯುವುದನ್ನೇ ಮರೆತಿದ್ದರು, ನಾನು ಎಬ್ಬಿಸಬೇಕಾಯಿತು. ಕಾಲೇಜಿನ ಗೇಟಿನ ತನಕ ಬಂದು ನಿಂತರು.

"ಆ ಕತೆ ಮುಗಿಯೋಗಂಟ ಓಗು ಮಗ," ಅಂದರು. "ಆಮ್ಯಾಕೆ ನೋಡುವ."

ಕತೆ ಮುಗಿಯಬಾರದು ಅಂತ ಕಾಲೇಜಿನ ಗೇಟಿನಲ್ಲಿ ನಿಂತು ಬೇಡಿಕೊಂಡವಳು ಬಹುಶಃ ನಾನೊಬ್ಬಳೇ. ಕಂಡಕ್ಟರಣ್ಣ ಅದನ್ನು ಎಳೆದರು, ಹಿಗ್ಗಿಸಿದರು. ಕುದುರೆಗೆ ಕಾಯಿಲೆ ಬಂತು, ಧೂಳುಗಾಳಿ ಬಂತು, ಗಾಡಿಯಲ್ಲಿ ಬಸುರಿ ಹೆಂಗಸು ಹತ್ತಿದಳು. ಕೊನೆಗೊಂದು ದಿನ ಗಾಡಿ ಒಂದು ಇಕ್ಕಟ್ಟಾದ ಕಣಿವೆಯ ಬಾಯಿಗೆ ಬಂದೇಬಿಟ್ಟಿತು. ಎರಡೂ ಬದಿಯ ಬಂಡೆಗಳ ಹಿಂದೆ ಸಾಹುಕಾರನ ಜನ ಕಾದು ಕೂತಿದ್ದಾರೆ. ನಮ್ಮೋನಿಗೆ ಅದು ಗೊತ್ತು. ಪಕ್ಕದಲ್ಲಿ ಕೂತ ವಿಧವೆಗೂ ಗೊತ್ತು. ಬೇರೆ ದಾರಿ ಇಲ್ಲ. ಗುಂಡು ಹಾರುತ್ತದೆ, ನಮ್ಮೋನ ಭುಜಕ್ಕೆ ಬೀಳುತ್ತದೆ, ವಿಧವೆ ಲಗಾಮು ಕೈಗೆ ತೆಗೆದುಕೊಳ್ಳುತ್ತಾಳೆ. "ಗಾಡಿ ಕಣ್ವೆಗೆ ಇಳೀತು..." ಅಂದು ಅವರು ಸೀಟಿ ಊದಿದರು.

ಮರುದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರು ಇದ್ದರು.

ಮಾಲೀಕರು ಬಿಡಿಸಿದ್ದರು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಸೊಪ್ಪಿನಜ್ಜಿ ಮಾತ್ರ ಮಳವಳ್ಳಿ ಬರುವ ತನಕ ಬೈಯುತ್ತಲೇ ಇದ್ದಳಂತೆ. ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕೈಕಾಲಿನ ಸಿಮೆಂಟು ತೊಳೆದುಕೊಂಡು ಬಂದರು. "ಕತೆ ಮುಗೀನಿಲ್ವಲ್ಲ," ಅಂದರು ಆಮೇಲೆ. "ಅಂಗಾರೆ ಓಗ್ತಾ ಇರು." ಆ ಹುಡುಗ ಮತ್ತೆ ಆ ಬಸ್ಸು ಹತ್ತಲಿಲ್ಲ. ಹತ್ತಿದ್ದರೂ ಬಸ್ಸು ಈಗ ಹಿಂದಿನ ಬಸ್ಸಾಗಿರಲಿಲ್ಲ. ನಾನು ಹತ್ತಿದರೆ ಯಾರಾದರೊಬ್ಬರು ಸರಿದು ಜಾಗ ಕೊಡುತ್ತಿದ್ದರು. ಮುಂದಿನ ವರ್ಷ ನಮ್ಮ ಕೇರಿಯಿಂದ ಇನ್ನಿಬ್ಬರು ಹುಡುಗಿಯರು ನನ್ನ ಜೊತೆ ಊರಬಾಗಿಲಲ್ಲಿ ನಿಂತರು.

ನಾನು ಪಿಯುಸಿ ಮುಗಿಸಿದೆ, ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ. ಬಸರಾಳಿನ ಕಡೆಯ ಹೈಸ್ಕೂಲೊಂದರಲ್ಲಿ ಮೊದಲ ಕೆಲಸ, ಆಮೇಲೆ ಮಂಡ್ಯ. ಕಂಡಕ್ಟರಣ್ಣನ ಸುದ್ದಿ ಆಗೊಮ್ಮೆ ಈಗೊಮ್ಮೆ ತೇಲಿ ಬರುತ್ತಿತ್ತು. ಸೋಮನಹಳ್ಳಿಯ ಯಾವುದೋ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದಾರೆ ಅಂತ ಒಬ್ಬರು, ಮಳವಳ್ಳಿಯಲ್ಲಿ ಸೈಕಲ್ ಶಾಪು ಇಟ್ಟಿದ್ದಾರೆ ಅಂತ ಇನ್ನೊಬ್ಬರು... ಹಾಗೇ ವರ್ಷಗಳು ಕಳೆದವು.

ಚೀಲದ ಪಟ್ಟಿ ಹೊಲಿಸಿಕೊಂಡು ಬಂದ ಸಂಜೆ ಇದನ್ನೆಲ್ಲ ನನ್ನ ಮಗನಿಗೆ ಹೇಳಿದೆ. ಕಾಲೇಜು ಓದುವವನು, ಯಾವ ಸಿನಿಮಾವನ್ನೂ ನೆಟ್ಟಗೆ ನೋಡುವವನಲ್ಲ, ಅಲ್ಲಲ್ಲಿ ಮುಂದಕ್ಕೆ ಓಡಿಸಿ ಬಿಡುತ್ತಾನೆ. "ಜೀನು ಹೊತ್ಕೊಂಡು ನಡೀತಾನೆ, ಗಾಡಿ ಓಡಿಸ್ತಾನೆ, ಕಣಿವೆ ಇದೆ," ಅಂತ ಗೊಣಗಿಕೊಂಡು ಫೋನಿನಲ್ಲಿ ಹುಡುಕುತ್ತ ಹೋದ. ಊಟಕ್ಕೆ ಕೂರುವ ಹೊತ್ತಿಗೆ "ಅಮ್ಮ, ಇದೇನಾ ನೋಡು," ಅಂದ. ಕೆಂಪು ಬಯಲು. ದೂರದಲ್ಲಿ ಒಂದು ಚುಕ್ಕೆ. ಚುಕ್ಕೆ ಹತ್ತಿರ ಬಂದಂತೆ ಹೆಗಲ ಮೇಲೊಂದು ಜೀನು. ಅನ್ನ ಆರಿಹೋಯಿತು. ನನ್ನ ಮಗ ಒಂದು ಸಲವೂ ಓಡಿಸಲಿಲ್ಲ. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಎಲ್ಲಿಯವರೋ ತೆಗೆದ ಚಿತ್ರ. ಆ ಧೂಳು, ಆ ಮೌನ, ಮಾತಾಡದೆ ನಿಂತ ಮನುಷ್ಯರ ಮುಖಗಳನ್ನು ಬಾಯಿ ತೆರೆದು ನೋಡುತ್ತಿದ್ದ.

ನನಗೆ ಇನ್ನೊಂದು ಬೆರಗು ಕಾದಿತ್ತು. ಆ ವಿಧವೆ ಚಿತ್ರದಲ್ಲಿ ಇರಲೇ ಇಲ್ಲ ಅನ್ನಬೇಕು. ಕುದುರೆ ಬದಲಾಯಿಸುವ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಕೆಟ್ಟು ಹಿಡಿದು ನಿಂತಿರುತ್ತಾಳೆ, ಗಾಡಿ ಹೊರಟಾಗ ಕೈ ಬೀಸುತ್ತಾಳೆ. ಅಷ್ಟೇ ಅವಳ ಪಾತ್ರ. ಗೊರಸು ಎತ್ತಿ ನೋಡುವುದಿಲ್ಲ, ಸಾಹುಕಾರನ ಆಳುಗಳನ್ನು ಮಾತಾಡಿಸುವುದಿಲ್ಲ, ಕಣಿವೆಗೆ ಬರುವುದಂತೂ ಇಲ್ಲವೇ ಇಲ್ಲ. ನಾನು ದಿನವೂ ಬಸ್ಸಿನಲ್ಲಿ ಕಾಯುತ್ತಿದ್ದವಳನ್ನು ಕಂಡಕ್ಟರಣ್ಣ ಪೂರ್ತಿಯಾಗಿ ತಾವೇ ಸೃಷ್ಟಿಸಿದ್ದರು.

ಮುಂದಿನ ಭಾನುವಾರ ಮಳವಳ್ಳಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಳೇ ಡ್ರೈವರೊಬ್ಬರು ದಾರಿ ಹೇಳಿದರು, ಹೇಳುವಾಗಲೇ ಅದನ್ನೂ ಹೇಳಿದರು. ಕಂಡಕ್ಟರಣ್ಣ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅರ್ಧ ದಾರಿಗೇ ತಿರುಗಿ ಬಂದುಬಿಡೋಣ ಅನ್ನಿಸಿತು... ಆದರೂ ನಡೆದೆ.

ಅವರ ಮಗಳು ಬಟ್ಟೆ ಹೊಲಿಯುವ ಮನೆ ಅದು. ಮುಂದಿನ ಕೋಣೆಯಲ್ಲಿ ಮೆಷಿನ್ನು, ಗೋಡೆಗೆ ನೇತುಹಾಕಿದ ರವಿಕೆಗಳು. ಕಂಡಕ್ಟರಣ್ಣನ ಹೆಂಡತಿ ಕಾಜಾ ಹಾಕುತ್ತಿದ್ದರು. ನಾನು ಯಾರೆಂದು ಹೇಳಿ, ನಾಲೆಯ ಹತ್ತಿರ ಬಸ್ಸು ನಿಲ್ಲಿಸಿದ ಸಂಗತಿ ಹೇಳುತ್ತಿದ್ದಂತೆ ಸೂಜಿ ಕೆಳಗಿಟ್ಟರು.

"ಆ ಮಗ ನೀನೇನಾ? ಕೆಲ್ಸ ಓದಾಗ ನಾನು ಬೈದಿದ್ದೆ ಕಣವ್ವ ಅವ್ರಿಗೆ. 'ಆ ಮಗ ಕಾಲೇಜಿಗೆ ಓಯ್ತಾ ಅವ್ಳೆ, ಬುಡು,' ಅಂದ್ರು. ಸೈಕಲ್ ಶಾಪ್ ಇಟ್ಮ್ಯಾಲೆ ಚೆಂದಾಗೇ ಇದ್ದೋ." ನನ್ನ ಕೈ ಹಿಡಿದುಕೊಂಡರು. "ಏನ್ ಮಾಡ್ತಿದ್ದೀಯ ಈಗ?"

"ಟೀಚರ್ ಆಗಿದ್ದೀನಿ, ಅಮ್ಮ."

ಅವರು ಮಗಳ ಕಡೆ ತಿರುಗಿ, "ಕೇಳುಸ್ಕಂಡ್ಯಾ? ಟೀಚರಂತೆ," ಅಂದರು, ತಮ್ಮ ಮನೆಯ ಸುದ್ದಿಯನ್ನೇ ಹೇಳುವವರಂತೆ.

ನಾನು ಸಿನಿಮಾ ಸಿಕ್ಕಿದ್ದನ್ನು ಹೇಳಿದೆ. ಆ ವಿಧವೆ ಅದರಲ್ಲಿ ಇಲ್ಲ ಅಂದೆ. ಅವರು ನಕ್ಕರು. "ಅದು ನಮ್ಮತ್ತೆ ಕಣವ್ವ. ಮಾವ ಸತ್ಮ್ಯಾಲೆ ನಮ್ಮತ್ತೇನೇ ಎತ್ತಿನ್‌ಗಾಡಿ ಕಟ್ಕಂಡು ಕಾರ್ಖಾನೆಗೆ ಕಬ್ಬು ಒಡೀತಿದ್ರು. ಊರೋರೆಲ್ಲ ಆಡ್ಕತ್ತಿದ್ರಂತೆ, ಹೆಂಗಸು ಗಾಡಿ ಒಡೀತಾಳೆ ಅಂತ. ಇವ್ರು ಚಿಕ್ಕುಡ್ಗ, ಕಬ್ಬಿನ ಮ್ಯಾಗೆ ಕೂತ್ಕಂಡು ಓಯ್ತಿದ್ರು."

ಕೊನೆಯನ್ನು ಕಂಡಕ್ಟರಣ್ಣ ನಮಗೆ ಹೇಳಲೇ ಇಲ್ಲ, ಗಾಡಿ ಕಣಿವೆಗೆ ಇಳಿಯಿತು ಅಂದವರು ಮರುದಿನ ಬರಲಿಲ್ಲ ಅಂದೆ.

"ಯೋಳೋಕೆ ಗೊತ್ತಿದ್ರೆ ತಾನೆ? ನಾವು ಕೊನೆ ನೋಡ್ನೇ ಇಲ್ಲ. ಮದ್ವೆ ಆದ ಒಸದ್ರಲ್ಲಿ ಮದ್ಯಾನದ ಆಟಕ್ಕೆ ಕರ್ಕಂಡೋಗಿದ್ರು. ಗಾಡಿ ಕಣ್ವೆಗೆ ಇಳೀತಿದ್ದಂಗೆ ನಾನೇ ಎಬ್ಬುಸ್ಕಂಡು ಬಂದೆ, ನಮ್ಮೂರ್ ಬಸ್ಸು ತಪ್ಪೋಯ್ತದೆ ಅಂತ. ಬಸ್ಸಲ್ಲಿ ಊರ್ಗಂಟ ಮುನುಸ್ಕಂಡು ಕೂತಿದ್ರು. ಆಮೇಲೆ ಎಷ್ಟ್ ತಿರುಗುದ್ರೂ ಆ ಸಿನ್ಮಾ ಮತ್ತೆ ಬರ್ನಿಲ್ಲ."

ಫೋನು ತೆಗೆದೆ. ಕಣಿವೆಯ ಭಾಗದಿಂದ ಹಾಕಿ ಅವರ ಕೈಗೆ ಕೊಟ್ಟೆ. ಮಗಳು ಮೆಷಿನ್ನು ನಿಲ್ಲಿಸಿ ಹಿಂದೆ ಬಂದು ನಿಂತಳು. ಬಂಡೆಗಳ ನಡುವೆ ಗುಂಡಿನ ಸದ್ದು, ಕುದುರೆಗಳ ಕೆನೆತ, ಧೂಳು. ಗಾಡಿ ಆಚೆ ಬದಿಯಿಂದ ಹೊರಬರುತ್ತದೆ. ನಮ್ಮೋನು ಭುಜ ಒತ್ತಿ ಹಿಡಿದುಕೊಂಡೇ ಊರು ಮುಟ್ಟಿಸುತ್ತಾನೆ. ಜನ ಇಳಿಯುತ್ತಾರೆ, ಅವರವರ ಗಂಟುಮೂಟೆ ಹೊತ್ತು ಅವರವರ ಮನೆಗೆ ಹೋಗುತ್ತಾರೆ. ಯಾರೂ ಅವನ ಹತ್ತಿರ ಬರುವುದಿಲ್ಲ. ಅವನು ಕುದುರೆಗಳಿಗೆ ನೀರು ತೋರಿಸುತ್ತಾನೆ. ಮರುದಿನ ಬೆಳಗ್ಗೆ ಗಾಡಿ ಮತ್ತೆ ಹೊರಡುತ್ತದೆ, ಹೊಡೆಯುವವನು ಬೇರೆ ಯಾರೋ. ಗಾಡಿ ಚಿಕ್ಕದಾಗುತ್ತ ಹೋಗಿ ಬಯಲಿನಲ್ಲಿ ಕರಗುತ್ತದೆ.

"ನಮ್ಮೋನೆಲ್ಲಿ?" ಅಂದರು ಆಕೆ.

"ಅದನ್ನ ತೋರಿಸಲ್ಲಮ್ಮ."

"ಗಾಡಿ ನಿಲ್ನಿಲ್ಲ ಅಲ್ವಾ?"

"ನಿಲ್ಲಲಿಲ್ಲ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಕಂಡಕ್ಟರಣ್ಣ ಇದ್ದಿದ್ದರೆ ಈ ಕೊನೆಯನ್ನು ಒಪ್ಪುತ್ತಿದ್ದರೋ ಇಲ್ಲವೋ... ಕೇಳಲು ನಾನು ತಡವಾಗಿ ಬಂದಿದ್ದೆ. ಆಕೆ ಕನ್ನಡಕ ಮತ್ತೆ ಹಾಕಿಕೊಂಡು ಫೋನನ್ನು ನನ್ನ ಕಡೆ ಚಾಚಿದರು.

"ಮೊದ್ಲಿಂದ ಆಕವ್ವ. ಆವತ್ತು ನಾನೂ ಸರ್ಯಾಗಿ ನೋಡ್ನಿಲ್ಲ. ಪಕ್ಕದಲ್ಲಿ ಕೂತ್ಕಂಡು ಅವ್ರು ಕತೆ ಯೋಳ್ತಾನೇ ಇದ್ರು."

ಮೊದಲಿನಿಂದ ಹಾಕಿದೆ. ಈ ಸಲ ಪಕ್ಕದಲ್ಲಿ ಹೇಳುವವರು ಇರಲಿಲ್ಲ. ಜೀನು ಹೊತ್ತ ಚುಕ್ಕೆ ಹತ್ತಿರ ಬಂತು. ಆಕೆ ಮಗಳನ್ನು ಹತ್ತಿರ ಕೂರಿಸಿಕೊಂಡು, ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕತೆ ಹೇಳಲು ಶುರುಮಾಡಿದರು.